ನಡುವೆ ತೂತಿರುವ ಬ್ಯಾಗು

ಈ ಬ್ಯಾಗಿನ ನಟ್ಟನಡುವೆ ಒಂದು ತೂತಿದೆ. ಹಳತಾಗಿ ಬಿದ್ದ ತೂತಲ್ಲ, ಇಲಿ ಕಡಿದದ್ದೂ ಅಲ್ಲ; ಬೇಕೆಂದೇ ಮಾಡಿದ್ದು. ಈ ಕಡೆಯಿಂದ ಕೈ ತೂರಿಸಿದರೆ ಆ ಕಡೆ ಬೆರಳು ಕಾಣುತ್ತವೆ. ತೂತಿನ ಸುತ್ತ ಚರ್ಮ ಒಳಮುಖವಾಗಿ ಹೊರಳಿಕೊಂಡಿದೆ, ಮುಂಬದಿ ಎಲ್ಲಿ ಮುಗಿಯಿತು, ಹಿಂಬದಿ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಮೂಲೆ ಎನ್ನುವುದು ಒಂದೂ ಇಲ್ಲ. ಮಾಡಿದವಳು ನನ್ನ ತಂಗಿಯ ಮಗಳು, ಬೆಂಗಳೂರಿನಲ್ಲಿ ಡಿಸೈನ್ ಓದಿದವಳು. ‘ದೊಡ್ಡಮ್ಮ, ಇದನ್ನ ಬ್ಯಾಗು ಅನ್ಕೋಬೇಡಿ, ಕೈಯಲ್ಲಿ ಹಿಡ್ಕೊಂಡು ಓಡಾಡೋ ಶಿಲ್ಪ’ ಎಂದು ಹೇಳಿಯೇ ಕೊಟ್ಟಳು. ‘ಆಗಲಮ್ಮ, ಊಟದ ಡಬ್ಬಿ ಎಲ್ಲಿಡಲಿ?’ ಎಂದೆ. ಅವಳ ಮುಖ ಸಣ್ಣಗಾಯಿತು.

ನನ್ನ ಪ್ರಶ್ನೆಯಲ್ಲಿ ಕೊಂಕೇನೂ ಇರಲಿಲ್ಲ. ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಕೆಲಸಕ್ಕೆ ಓಡಾಡುವ ಹೆಂಗಸಿನ ವ್ಯಾನಿಟಿ ಬ್ಯಾಗು ಎಂದರೆ ಅರ್ಧ ಮನೆ. ಡಬ್ಬಿ, ನೀರಿನ ಬಾಟಲಿ, ಛತ್ರಿ, ಮಾತ್ರೆ, ಸೇಫ್ಟಿ ಪಿನ್ನು, ಯಾರೋ ಕೊಟ್ಟ ದೇವಸ್ಥಾನದ ಕುಂಕುಮದ ಪೊಟ್ಟಣ, 2023ರಲ್ಲಿ ಹೆಂಗಸರಿಗೆ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ಬಂದಮೇಲೆ ಕಂಡಕ್ಟರಿಗೆ ತೋರಿಸಲು ಆಧಾರ್ ಕಾರ್ಡು. ಸಂಜೆ ವಾಪಸು ಬರುವಾಗ ಇದರ ಮೇಲೆ ಅರ್ಧ ಕೆಜಿ ಬೀನ್ಸೂ ಸೇರುತ್ತದೆ. ಸೀಟು ಸಿಕ್ಕರೆ ತೊಡೆಯ ಮೇಲೆ, ಸಿಗದಿದ್ದರೆ ಕೂತವರ ತೊಡೆಯ ಮೇಲೆ ಅದರ ಪ್ರಯಾಣ. ಇಂಥ ಬಾಳು ಬಾಳಬೇಕಾದ ವಸ್ತುವಿನ ಹೊಟ್ಟೆಯ ಮಧ್ಯಕ್ಕೇ ತೂತು ಕೊರೆದರೆ ಉಳಿಯುವ ಜಾಗ ಎಷ್ಟು? ಮೊಬೈಲು, ಕರ್ಚೀಫು, ಒಂದಿಷ್ಟು ಚಿಲ್ಲರೆ. ಅಷ್ಟೇ.

ಆದರೂ ಆ ತೂತಿಗೆ ಒಂದು ವಂಶಾವಳಿ ಇದೆ ಎಂದು ಹುಡುಗಿ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದಳು. ಬಾರ್ಬರಾ ಹೆಪ್‌ವರ್ತ್ ಎಂಬ ಶಿಲ್ಪಿ 1903ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. 1930ರ ದಶಕದ ಆರಂಭದಲ್ಲಿ ಅವರು ಕಲ್ಲಿನ ಒಂದು ಶಿಲ್ಪಕ್ಕೆ ಆರಪಾರ ತೂತು ಕೊರೆದರು. ಆ ಶಿಲ್ಪ ಆಮೇಲೆ ಯುದ್ಧದಲ್ಲಿ ಹಾಳಾಯಿತು, ತೂತು ಮಾತ್ರ ಉಳಿದುಕೊಂಡಿತು. ಅವರ ಜೊತೆಗಾರ ಹೆನ್ರಿ ಮೂರ್ ಕೂಡ ಮಲಗಿದ ಹೆಂಗಸರ ಮೈಯಲ್ಲಿ ಗವಿಗಳನ್ನೇ ತೆರೆದರು. ಅಲ್ಲಿಯವರೆಗೆ ಹೆಚ್ಚಾಗಿ ಶಿಲ್ಪವೆಂದರೆ ಒಂದು ಗಟ್ಟಿ ವಸ್ತು, ಗಾಳಿ ಬೆಳಕೆಲ್ಲ ಅದರ ಹೊರಗೆ. ಕಲ್ಲು ಎಷ್ಟು ಮುಖ್ಯವೋ ಕಲ್ಲಿಲ್ಲದ ಜಾಗವೂ ಅಷ್ಟೇ ಮುಖ್ಯ ಎಂದು ಇವರು ತೋರಿಸಿಕೊಟ್ಟರಂತೆ. ಅವಳು ಫೋಟೋ ತೋರಿಸಿದಳು. ಚೆನ್ನಾಗಿದ್ದವು, ಸುಳ್ಳೇಕೆ ಹೇಳಲಿ. ತೂತಿನ ಅಂಚಿನಲ್ಲಿ ಬೆಳಕು ಹೊರಳುವುದನ್ನು ನೋಡಿದರೆ ಕೈಯಾಡಿಸಬೇಕು ಅನ್ನಿಸುತ್ತದೆ.

ಹಾಗೆ ಕೈಯಾಡಿಸುವ ಹಾಗಿಲ್ಲ, ಅದೇ ತೊಂದರೆ. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಮರಗಳಿರುವ ಒಳ್ಳೆಯ ಅಂಗಳ. ಇವಳ ಜೊತೆ ಹೋದಾಗ ಒಂದು ಶಿಲ್ಪದ ಬೆನ್ನು ಮುಟ್ಟಲು ಕೈ ಚಾಚಿದೆ. ಕಾವಲಿನವರು ದೂರದಿಂದಲೇ ‘ಮೇಡಂ’ ಎಂದರು. ಮುಟ್ಟಲೆಂದೇ ಹುಟ್ಟಿದಂತಿರುವ ಆಕಾರವನ್ನು ಮುಟ್ಟಬೇಡಿ ಎನ್ನುವುದು ಎಂಥ ನ್ಯಾಯ? ಈ ಒಂದು ವಿಷಯದಲ್ಲಿ ನಮ್ಮ ಹುಡುಗಿಯ ಬ್ಯಾಗಿಗೆ ನಾನು ಪೂರಾ ಮಾರ್ಕು ಕೊಡುತ್ತೇನೆ. ಅದನ್ನು ಹಗಲೆಲ್ಲ ಹಿಡಿದುಕೊಂಡೇ ಇರಬಹುದು, ಯಾರೂ ‘ಮೇಡಂ’ ಅನ್ನುವುದಿಲ್ಲ.

ಬ್ಯಾಗೋ ಶಿಲ್ಪವೋ ಎಂಬ ಜಗಳ ನಮ್ಮ ಮನೆಯಲ್ಲೇ ಹುಟ್ಟಿದ್ದಲ್ಲ. 1926ರಲ್ಲಿ ರೊಮೇನಿಯಾದ ಶಿಲ್ಪಿ ಬ್ರಾಂಕೂಸಿ ಮಾಡಿದ, ಆಕಾಶಕ್ಕೆ ಚಿಮ್ಮುವ ನುಣುಪಾದ ಕಂಚಿನ ಹಕ್ಕಿಯೊಂದು ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದಿಳಿಯಿತು. ಕಲಾಕೃತಿಗೆ ಸುಂಕವಿಲ್ಲ. ಆದರೆ ಕಸ್ಟಮ್ಸ್‌ನವರಿಗೆ ಅದರಲ್ಲಿ ರೆಕ್ಕೆ ಕಾಣಲಿಲ್ಲ, ಕೊಕ್ಕು ಕಾಣಲಿಲ್ಲ. ಅಡುಗೆಮನೆ ಪಾತ್ರೆ, ಆಸ್ಪತ್ರೆ ಸಾಮಾನುಗಳ ಪಟ್ಟಿಗೆ ಸೇರಿಸಿ ಶೇ. 40 ಸುಂಕ ಕಟ್ಟಿ ಎಂದರು. ವ್ಯಾಜ್ಯ ಕೋರ್ಟಿಗೆ ಹೋಯಿತು. ಇದು ಹಕ್ಕಿ ಎಂದು ನಿಮಗೆ ಹೇಗೆ ಗೊತ್ತು ಎಂದು ಸಾಕ್ಷಿಗಳನ್ನು ಕೇಳುವ ಮಟ್ಟಕ್ಕೂ ಹೋಯಿತು. 1928ರಲ್ಲಿ ತೀರ್ಪು ಬ್ರಾಂಕೂಸಿಯ ಕಡೆಗೆ ಬಂತು. ಇದೇ ಹಕ್ಕಿಯ ಬೇರೆ ಪ್ರತಿಗಳನ್ನು ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಕೊಂಡುಕೊಂಡರು. ಅವುಗಳಿಗೊಂದು ಗುಡಿ ಕಟ್ಟಿಸಬೇಕೆಂದು 1937–38ರ ಚಳಿಗಾಲದಲ್ಲಿ ಬ್ರಾಂಕೂಸಿಯನ್ನು ಇಂದೋರಿಗೇ ಕರೆಸಿದರು. ಗುಡಿ ಮೇಲೇಳಲಿಲ್ಲ. ಅರಸರ ಕಟ್ಟಡದ ಆಸೆಗಳಲ್ಲಿ ಎಷ್ಟೋ ಹೀಗೇ. ಆದರೆ ಹಕ್ಕಿಗೆ ಗುಡಿ ಎಂದು ಯೋಚಿಸಿದ್ದು ನನಗೆ ಮೆಚ್ಚಿಗೆಯಾಯಿತು. ಪಾತ್ರೆ ಅಲ್ಲ ಎಂದಮೇಲೆ ಇನ್ನೇನು, ದೇವರೇ ಇರಬೇಕು!

ಹುಡುಗಿಗೆ ನನ್ನ ಕಡೆಯಿಂದಲೂ ಒಂದು ಪಾಠವಿತ್ತು. ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆ ಎತ್ತಿದ ಹಾವು ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಒಂದೇ ಕಲ್ಲು, ನೀವು ನಿಂತ ಜಾಗಕ್ಕೆ ತಕ್ಕ ಹಾಗೆ ಬೇರೆ ಬೇರೆ. ಶಿಲ್ಪವನ್ನು ಸುತ್ತು ಹಾಕಿ ನೋಡಬೇಕು ಎಂದು ಕಾಲೇಜಿನಲ್ಲಿ ಹೇಳಿಕೊಡುವುದನ್ನು ಇಲ್ಲಿ ಪ್ರದಕ್ಷಿಣೆ ಹಾಕುವವರು ಮೊದಲಿಂದ ಮಾಡುತ್ತಿದ್ದಾರೆ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂಬ ವಾದಕ್ಕೆ ನಾನು ಈ ಮಾತು ಹೇಳುತ್ತಿಲ್ಲ. ಆ ವಾದ ಕೇಳಿ ಕೇಳಿ ಸಾಕಾಗಿದೆ. ಬೆಟ್ಟವನ್ನು ಯಾರೂ ಕಡೆದಿಲ್ಲ, ಹೆಪ್‌ವರ್ತ್ ಕಲ್ಲನ್ನು ಕಡೆದಿದ್ದಾರೆ. ವ್ಯತ್ಯಾಸ ದೊಡ್ಡದು. ಹುಡುಗಿ ಮಾತ್ರ ಮಂಗಗಳಿಗೆ ಹೆದರಿ, ಬ್ಯಾಗನ್ನು ಎದೆಗವಚಿಕೊಂಡು, ಬೆಟ್ಟದ ಕಡೆ ಅರ್ಧ ಕಣ್ಣೂ ಹಾಯಿಸಲಿಲ್ಲ.

ಕಲ್ಲು ಕಡೆಯುವವರು ಬೇಡದ್ದನ್ನು ತೆಗೆಯುತ್ತಾರೆ. ಜೇಡಿಮಣ್ಣಿನವರು ಬೇಕಾದ್ದನ್ನು ಸೇರಿಸುತ್ತಾರೆ. ತಗಡಿನವರಿಗೂ ತೊಗಲಿನವರಿಗೂ ಇವೆರಡೂ ಆಗುವುದಿಲ್ಲ, ಅವರು ಬಾಗಿಸಬೇಕು. ಹಾಳೆಯಂತೆ ಚಪ್ಪಟೆ ಇರುವ ಚರ್ಮಕ್ಕೆ ಉಬ್ಬು ತಗ್ಗು ತರುವುದು ಹೇಗೆ ಎಂದು ನೋಡಲು ಅವಳು ಬಾಡಿಗೆಗೆ ಹಿಡಿದಿದ್ದ ಕೋಣೆಗೆ ಹೋಗಿದ್ದೆ. ಅಂಗಡಿಗಳಲ್ಲಿ ಸಿಗುವ ಬಹುಪಾಲು ಚರ್ಮ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು. ಬೇಗ ಆಗುತ್ತದೆ, ಮೆತ್ತಗಿರುತ್ತದೆ; ಆದರೆ ನೆನೆಸಿ ಅದುಮಿದರೂ ಒಣಗಿದಮೇಲೆ ಕೊಟ್ಟ ಆಕಾರ ಮರೆತುಬಿಡುತ್ತದೆ. ಮರದ ತೊಗಟೆ, ಅಳಲೆಕಾಯಿಯ ಒಗರಿನಲ್ಲಿ ವಾರಗಟ್ಟಲೆ ಊರಿದ ಚರ್ಮದ ಜಾಯಮಾನ ಬೇರೆ. ನಮ್ಮ ಕಡೆ ಬೀಳುಗಳಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ಇದೆಯಲ್ಲ, ಅದರ ಚಕ್ಕೆಯನ್ನು ಹಿಂದೆ ಇದಕ್ಕೇ ಸುಲಿಯುತ್ತಿದ್ದರು. ಈ ಚರ್ಮ ನೀರಿನಲ್ಲಿ ನೆಂದರೆ ಹೇಳಿದ ಮಾತು ಕೇಳುತ್ತದೆ, ಒಣಗಿದಮೇಲೆ ಹಠ ಹಿಡಿಯುತ್ತದೆ.

ಅವಳು ಮಾಡುವುದು ಹೀಗೆ. ಬಕೆಟ್ಟಿನ ನೀರಿನಲ್ಲಿ ಚರ್ಮ ಮುಳುಗಿಸುತ್ತಾಳೆ. ಗುಳ್ಳೆ ಏಳುವುದು ನಿಂತಮೇಲೆ ತೆಗೆದು, ಬಟ್ಟೆಯಲ್ಲಿ ಒತ್ತಿ, ಮರದಲ್ಲಿ ಕಡೆಸಿಟ್ಟುಕೊಂಡ ಅಚ್ಚಿನ ಮೇಲೆ ಹೊದಿಸುತ್ತಾಳೆ. ಆಮೇಲೆ ಹೆಬ್ಬೆರಳಿನ ಬುಡದಿಂದ ಒತ್ತುತ್ತ, ಎಳೆಯುತ್ತ, ಮತ್ತೆ ಒತ್ತುತ್ತ ಕೂರುವುದೇ ಕೆಲಸ. ಉಗುರು ತಾಗಿದರೆ ಗೆರೆ ಬೀಳುತ್ತದೆ, ಆ ಗೆರೆ ಇನ್ನು ಹೋಗುವುದಿಲ್ಲ. ಬೆನ್ನಿನ ಭಾಗದ ಚರ್ಮ ಗಟ್ಟಿ, ಹೊಟ್ಟೆಯ ಭಾಗದ್ದು ಹಿಗ್ಗುತ್ತದೆ. ತೂತಿನ ಅಂಚಿಗೆ ಹಿಗ್ಗುವ ಚರ್ಮ ಬೇಕು, ಆದರೆ ಜೋತು ಬೀಳಬಾರದು. ಈ ಎರಡರ ನಡುವಿನ ತುಂಡು ಹುಡುಕುವುದರಲ್ಲಿ ಎಷ್ಟೋ ಚರ್ಮ ಹಾಳಾಗಿದೆ. ಒಂದು ಸಲ ಅಂಚಿಗೆ ಕಬ್ಬಿಣದ ಮೊಳೆ ಹೊಡೆದು ಒಣಗಲು ಬಿಟ್ಟಿದ್ದಳಂತೆ. ಬೆಳಿಗ್ಗೆ ನೋಡಿದರೆ ಮೊಳೆ ಇದ್ದಲ್ಲೆಲ್ಲ ಮಸಿಯಂಥ ಕಪ್ಪು ಕಲೆ. ತೊಗಟೆಯ ಒಗರೂ ಕಬ್ಬಿಣವೂ ಸೇರಿದರೆ ಕಪ್ಪಾಗುತ್ತದೆ. ಹಿಂದೆ ಬರೆಯುವ ಮಸಿ ಮಾಡುತ್ತಿದ್ದದ್ದೂ ಇದೇ ಗುಟ್ಟಿನಿಂದ. ಅಂದಿನಿಂದ ಹಿತ್ತಾಳೆ ಮೊಳೆ. ಒಣಗಿಸುವುದು ನೆರಳಲ್ಲೇ, ಬಿಸಿಲಿಗಿಟ್ಟರೆ ಸೆಟೆದುಕೊಂಡು ಬಿರಿಯುತ್ತದೆ.

ಹೊಲಿಗೆಗೆ ಮಿಷನ್ನು ಒಗ್ಗುವುದಿಲ್ಲ. ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಉಳಿಯಲ್ಲಿ ಚುಚ್ಚಿದ ಕಂಡಿಯೊಳಗೆ ಒಂದು ಸೂಜಿ ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ ಹಾಯಬೇಕು. ಮಿಷನ್ ಹೊಲಿಗೆ ಒಂದು ಕಡೆ ಕಿತ್ತರೆ ಸರಸರ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಇದರಲ್ಲಿ ಒಂದೆಳೆ ತುಂಡಾದರೂ ಇನ್ನೊಂದು ಹಿಡಿದಿರುತ್ತದೆ.

ಅಷ್ಟೆಲ್ಲ ಮಾಡಿ, ಹಿಡಿಯ ಒಂದು ಕಡೆ ಕೈಕೊಟ್ಟಿತು. ಹಿಡಿ ಸೇರಿಸಿದ ರಿವೆಟ್ ಸಡಿಲವಾಗಿ, ಬ್ಯಾಗು ಒಂದು ಪಕ್ಕಕ್ಕೆ ವಾಲತೊಡಗಿತು. ಹುಡುಗಿಗೆ ಹೇಳಿದರೆ ನನ್ನದೇ ತಪ್ಪು ಎನ್ನುತ್ತಾಳೆ, ಯಾಕೆಂದರೆ ನಾನು ಅಷ್ಟರಲ್ಲಿ ಅದರೊಳಗೆ ಚಿಕ್ಕ ಡಬ್ಬಿಯೊಂದನ್ನು ತುರುಕುವುದು ಕಲಿತಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಛತ್ರಿ ಬಿಚ್ಚಿಕೊಂಡು ಚಪ್ಪಲಿ ಹೊಲಿಯುವ ಒಬ್ಬ ಹಿರಿಯರಿದ್ದಾರೆ. ಎಲ್ಲರೂ ತಾತ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರಿಗೆ ತೋರಿಸಿದೆ.

ಅವರು ಕೂಡಲೇ ಕೈಗೆ ತೆಗೆದುಕೊಳ್ಳಲಿಲ್ಲ. ಹೆಗಲ ಟವೆಲಿನಲ್ಲಿ ಎರಡೂ ಕೈ ಒರೆಸಿಕೊಂಡು ಆಮೇಲೆ ಇಸಿದುಕೊಂಡರು. ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಓಡಿಸಿದರು. ‘ಕೈ ಹೊಲಿಗೆ’ ಎಂದರು. ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು. ‘ಚಕ್ಕೇಲಿ ಹದ ಮಾಡಿರೋದು, ಮದ್ದಿಂದಲ್ಲ’ ಎಂದರು. ತಿರುಗಿಸಿ ಮುರುಗಿಸಿ ನೋಡಿ, ತೂತಿನೊಳಗೆ ಮುಷ್ಟಿ ತೂರಿಸಿ, ನನ್ನ ಮುಖ ನೋಡಿದರು. ‘ಎಲ್ಲಾ ಸರಿ, ಇದರ ಬಾಯಿ ಎಲ್ಲೈತವ್ವ?’

ಮೇಲಿನ ಬಾಗಿನಲ್ಲಿ ಕಾಣದ ಹಾಗೆ ಸೇರಿಸಿದ್ದ ಜಿಪ್ ತೋರಿಸಿದೆ. ಅವರು ನಕ್ಕರು. ‘ಹಂಗಾರೆ ಎಲ್ಡು ಬಾಯಿ ಅನ್ನಿ. ಕಪ್ಲೆ ತೊಗಲಿಗೂ ಎಲ್ಡೇ ಬಾಯಿ.’

ಕಪಿಲೆ ಎಂದರೆ ಈಗಿನವರಿಗೆ ಹಸುವಿನ ಹೆಸರು ನೆನಪಾದೀತು. ನಾನು ಹೇಳುವುದು ಬಾವಿಯ ಕಪಿಲೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ನಂದಿಬೆಟ್ಟದ ಕಡೆ ಹುಟ್ಟುವ ಅರ್ಕಾವತಿ ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊಲ ತೋಟಗಳಿಗೆ ಕೆರೆ, ಕೆರೆ ಬತ್ತಿದರೆ ಬಾವಿ. ಕರೆಂಟಿನ ಪಂಪು ಬರುವ ಮುಂಚೆ ಆ ಬಾವಿಗಳಿಂದ ನೀರೆತ್ತಿದ್ದು ಚರ್ಮದ ಚೀಲ. ಬಾವಿಯ ದಡದಲ್ಲಿ ಒಂದು ಇಳಿಜಾರು, ಅದರಲ್ಲಿ ಜೋಡೆತ್ತು. ಎತ್ತುಗಳು ಇಳಿಯುತ್ತ ಹೋದಂತೆ ಹಗ್ಗ ರಾಟೆಯ ಮೇಲೆ ಓಡಿ ಚೀಲ ಮೇಲೆ ಬರುತ್ತದೆ. ಹಗ್ಗದ ಮೇಲೆ ಆಳು ಕೂತು ತನ್ನ ಭಾರವನ್ನೂ ಕೊಡುತ್ತಾನೆ. ಎತ್ತುಗಳು ಹಿಂದೆ ಸರಿದಂತೆ ಚೀಲ ಮತ್ತೆ ನೀರಿಗೆ.

ಇದರಲ್ಲಿ ಜಾಣತನವಿರುವುದು ಚೀಲದ ಹೊಲಿಗೆಯಲ್ಲಿ. ಮೇಲೆ ಅಗಲವಾದ ಬಾಯಿ, ಬಳೆಗೆ ಬಿಗಿದದ್ದು. ಕೆಳಗೆ ತಳವೇ ಇಲ್ಲ. ಅಲ್ಲಿ ಚರ್ಮ ಸೊಂಡಿಲಿನ ಹಾಗೆ ಉದ್ದಕ್ಕೆ ಇಳಿದು ಕೊನೆಯಲ್ಲಿ ತೆರೆದುಕೊಂಡಿರುತ್ತದೆ. ಹಾಗಾದರೆ ನೀರು ಸುರಿದುಹೋಗುವುದಿಲ್ಲವೇ? ಇಲ್ಲ, ಸೊಂಡಿಲಿನ ತುದಿಗೆ ಬೇರೊಂದು ಸಣ್ಣ ಹಗ್ಗ ಇದೆ. ಬಾವಿಯಿಂದ ಬರುವಷ್ಟು ಹೊತ್ತೂ ಅದು ಸೊಂಡಿಲನ್ನು ಮಡಿಸಿ ಬಾಯಿಯ ಮಟ್ಟಕ್ಕೆ ಎತ್ತಿ ಹಿಡಿದಿರುತ್ತದೆ. ದಡ ತಲುಪುತ್ತಲೇ ಸೊಂಡಿಲು ಕೆಳಗಿನ ರಾಟೆಯ ಮೇಲೆ ಜಾರಿ ಮುಂದಕ್ಕೆ ಚಾಚಿಕೊಳ್ಳುತ್ತದೆ, ನೀರೆಲ್ಲ ತೊಟ್ಟಿಗೆ. ಯಾರೂ ಚೀಲ ಮುಟ್ಟಿ ಬಗ್ಗಿಸಬೇಕಿಲ್ಲ. ಆ ಕೆಳಗಿನ ತೂತು ಇಲ್ಲದಿದ್ದರೆ ಎತ್ತುಗಳು ನಿಲ್ಲಬೇಕು, ಒಬ್ಬ ಆಳು ಹೆಚ್ಚಿಗೆ ಬೇಕು. ತೂತೇ ಆ ಚೀಲದ ಜೀವ.

ತಾತ ಹುಡುಗರಿದ್ದಾಗ ಅವರ ಅಪ್ಪ ಇಂಥ ಚೀಲ ಹೊಲಿಯುವುದನ್ನು ನೋಡಿದ್ದರಂತೆ. ಖಾಲಿ ಇದ್ದಾಗ ಮುದುರಿ ಬಿದ್ದ ತೊಗಲು, ತುಂಬಿದಾಗ ಬೇರೆಯೇ ಆಕಾರ. ಅಳತೆ ಹಿಡಿಯುವುದು ಖಾಲಿ ಚೀಲಕ್ಕಲ್ಲ, ತುಂಬಿದ ಚೀಲಕ್ಕೆ ಎಂದು ಅಪ್ಪ ಹೇಳುತ್ತಿದ್ದರಂತೆ. ನೀರಿನ ಭಾರ ಎಲ್ಲಿ ಒತ್ತುತ್ತದೋ ಅಲ್ಲಿ ಚರ್ಮ ಬಿಡಬೇಕು, ಹೊಲಿಗೆ ಬರಬಾರದು. ಹೊಂಗೆ ಎಣ್ಣೆ ಉಣಿಸಬೇಕು, ಇಲ್ಲವಾದರೆ ಒಂದು ಬೇಸಗೆಗೆ ಚೀಲ ಮುಗಿಯಿತು. ನಾನು ನನ್ನ ಕೈಯಲ್ಲಿದ್ದ ಬ್ಯಾಗು ನೋಡಿದೆ. ಅದರ ಚೆಲುವೆಲ್ಲ ಖಾಲಿ ಇದ್ದಾಗಿನದು. ತುಂಬಿದಷ್ಟೂ ಕೆಡುತ್ತದೆ. ಹೆಪ್‌ವರ್ತ್ ಶಿಲ್ಪಕ್ಕೆ ಈ ಕಷ್ಟವಿಲ್ಲ, ಅದರೊಳಗೆ ಯಾರೂ ಡಬ್ಬಿ ಇಡುವುದಿಲ್ಲ. ಚರ್ಮಕ್ಕೆ ಆಕಾರ ಕೊಡುವವನಿಗೆ ಒಳಗೆ ಬರಲಿರುವ ಭಾರವೂ ಒಂದು ಅಚ್ಚು. ನನ್ನ ಮಟ್ಟಿಗೆ ಆಧುನಿಕ ಶಿಲ್ಪದ ಜೊತೆ ಹೋಲಿಸಿ ನೋಡಬೇಕಾದ ಚರ್ಮದ ಚೀಲ ಯಾವುದಾದರೂ ಈ ಸೀಮೆಯಲ್ಲಿ ಇದ್ದರೆ ಅದು ಕಪಿಲೆಯದು. ಈಗ ನೋಡಲು ಸಿಗುವುದಿಲ್ಲ. ಬಾವಿಗಳೇ ಇಲ್ಲ, ಸಾವಿರ ಅಡಿ ಕೊರೆದರೂ ಬೋರಿನಲ್ಲಿ ದೂಳು.

ಆ ಚೀಲ ಹೊಲಿದವರಿಗೆ ಕೂಲಿ ಎಂದು ದುಡ್ಡು ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದ ಹತ್ತಿರ ಹೋಗಿ ನಿಂತರೆ ಆಯದ ರಾಗಿ. ಕಣದೊಳಗೆ ಅಲ್ಲ, ಹತ್ತಿರ. ಅವರು ಹೊಲಿದ ತೊಗಲಿನಿಂದ ಬಂದ ನೀರು ಎಲ್ಲರ ತೋಟಕ್ಕೂ ಆಗುತ್ತಿತ್ತು, ಅವರು ಬಾವಿಗೆ ಇಳಿದು ನೀರು ಸೇದುವ ಹಾಗಿರಲಿಲ್ಲ. ತಾತ ಇದನ್ನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ನಾವಿಬ್ಬರೂ ಇದೇ ಸೀಮೆಯವರು. ನೂರಾರು ವರ್ಷ ಚರ್ಮಕ್ಕೆ ರೂಪ ಕೊಟ್ಟವರಲ್ಲಿ ನಮಗೆ ಗೊತ್ತಿರುವ ಹೆಸರು ಹರಳಯ್ಯ ಒಂದೇ. ಅದೂ ಗಂಡ ಹೆಂಡತಿ ತಮ್ಮ ತೊಡೆಯ ಚರ್ಮವನ್ನೇ ಸುಲಿದು ಬಸವಣ್ಣನಿಗೆ ಪಾದುಕೆ ಮಾಡಿದರು ಎಂಬ ಕಥೆಯಿಂದ. ಹೆಸರು ಉಳಿಯಬೇಕಾದರೆ ಅಷ್ಟು ಮಾಡಬೇಕಾಯಿತು. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮೂರಿನಲ್ಲೂ ಖುಷಿಪಟ್ಟರು. ಬಾರಿಸುವವರ ಹೆಸರಾದರೂ ದೆಹಲಿ ತಲುಪಿತು.

ದೇವನಹಳ್ಳಿಯ ವಿಮಾನ ನಿಲ್ದಾಣದ ಬಳಿ 108 ಅಡಿಯ ಕೆಂಪೇಗೌಡರು 2022ರ ನವೆಂಬರಿನಿಂದ ನಿಂತಿದ್ದಾರೆ. ಶಿಲ್ಪಿ ರಾಮ್ ಸುತಾರ್ ಎಂದು ಎಲ್ಲ ಪತ್ರಿಕೆಗಳೂ ಬರೆದವು, ಬರೆಯಬೇಕಾದದ್ದೇ. ತಾತನ ಮೊಮ್ಮಗ ಅದೇ ನಿಲ್ದಾಣದಲ್ಲಿ ಸಾಮಾನು ಏರಿಸುವ ಕೆಲಸದಲ್ಲಿದ್ದಾನೆ. ಒಳ್ಳೊಳ್ಳೆಯ ಚರ್ಮದ ಪೆಟ್ಟಿಗೆಗಳು ಬರುತ್ತವಂತೆ. ‘ಮುಟ್ಟಿ ನೋಡಿ ಚಕ್ಕೆಯದೋ ಮದ್ದಿನದೋ ಹೇಳು ಅಂದ್ರೆ ಗೊತ್ತಾಗಲ್ಲ ಅಂತಾನೆ’ ಎಂದು ತಾತ ಗೊಣಗಿದರು. ಚರ್ಮ ಕೊಯ್ಯುವ ರಂಪಿಗೆ ಹಿಡಿಯುವುದನ್ನು ಅವನಿಗೆ ಕಲಿಸಲಿಲ್ಲವೇ ಎಂದು ನಾನು ಕೇಳಲು ಹೋಗಲಿಲ್ಲ. ಯಾಕೆ ಕಲಿಸಬೇಕು?

ಹಿಡಿಗೆ ತಾತ ರಿವೆಟ್ ಕಿತ್ತು ಬಿಸಾಕಿ, ಮೇಣ ಸವರಿದ ದಾರದಲ್ಲಿ ನಾಲ್ಕು ಹೊಲಿಗೆ ಹಾಕಿ ಕೊಟ್ಟರು. ಕೇಳಿದ್ದು ಐವತ್ತು ರೂಪಾಯಿ. ಹುಡುಗಿ ಇಂಥ ಬ್ಯಾಗಿಗೆ ಇಟ್ಟಿರುವ ಬೆಲೆ ನನ್ನ ಒಂದು ತಿಂಗಳ ಸಂಬಳದ ಕಾಲುಭಾಗ. ಅವಳನ್ನು ಬೈಯಲು ನನಗೆ ಮನಸ್ಸಿಲ್ಲ. ಹಾಳಾದ ಚರ್ಮ, ಕೋಣೆಯ ಬಾಡಿಗೆ, ಒತ್ತಿ ಒತ್ತಿ ಊದಿಕೊಂಡ ಅವಳ ಹೆಬ್ಬೆರಳು ಎಲ್ಲ ಕಂಡಿದ್ದೇನೆ. ಆದರೆ ಬೆಲೆ ಎಂಬುದು ಚರ್ಮಕ್ಕಾಗಲೀ ಹೊಲಿಗೆಗಾಗಲೀ ಬರುವುದಿಲ್ಲ, ಹೇಳುವ ಕಥೆಗೆ ಬರುತ್ತದೆ. 2025ರ ಜೂನಿನಲ್ಲಿ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿ ತನ್ನ ಮಾಡೆಲ್‌ಗಳ ಕಾಲಿಗೆ ಕೊಲ್ಹಾಪುರಿಯಂಥದೇ ಚಪ್ಪಲಿ ತೊಡಿಸಿ ನಡೆಸಿತು. ಕೊಲ್ಹಾಪುರಿಗೆ 2019ರಿಂದ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿವೆ. ಮೊದಲು ಕೊಲ್ಹಾಪುರದ ಹೆಸರನ್ನೇ ಎತ್ತದಿದ್ದ ಕಂಪನಿ ಗಲಾಟೆ ಎದ್ದಮೇಲೆ ಮೂಲ ಒಪ್ಪಿಕೊಂಡಿತು. ವರ್ಷದ ಕೊನೆಯ ಹೊತ್ತಿಗೆ ಮಹಾರಾಷ್ಟ್ರದ ಚರ್ಮೋದ್ಯಮ ನಿಗಮ ಮತ್ತು ನಮ್ಮ ಕರ್ನಾಟಕದ ನಿಗಮ ಲಿಡ್ಕರ್ ಜೊತೆ ಸೇರಿ ಎರಡು ಸಾವಿರ ಜೊತೆ ಇಲ್ಲೇ ಮಾಡಿಸುವ ಮಾತಾಯಿತು. ಜೊತೆಯ ಬೆಲೆ ಸುಮಾರು 800 ಯೂರೊ ಎಂದರು. ಲಿಡ್ಕರ್ 1976ರಿಂದ ಇದೆ, ಅದರ ಮಳಿಗೆಗಳಲ್ಲಿ ಗಟ್ಟಿಮುಟ್ಟಾದ ಸಾಮಾನು ಸಿಗುತ್ತದೆ. ನನ್ನ ಡಬ್ಬಿ ಹೊರುವ ಬ್ಯಾಗು ಅಲ್ಲಿಯದೇ. ಆದರೆ ನಮ್ಮ ಕಾಲು ಕಾಣಲು ಮಿಲಾನ್ ಕನ್ನಡಿ ಬೇಕಾಯಿತು.

ಕಪಿಲೆಯ ಕಥೆ ಕೇಳಿದ ಹುಡುಗಿ ಮಾರನೆಯ ಭಾನುವಾರವೇ ಬಸ್ಸು ಹತ್ತಿ ಬಂದಳು. ತಾತನ ಎದುರು ನೆಲದ ಮೇಲೆ ಕೂತು, ನೋಟ್‌ಬುಕ್ ತೆರೆದು, ಎರಡು ಬಾಯಿಯ ಚೀಲದ ಚಿತ್ರ ಬರೆದುಕೊಡಿ ಎಂದಳು. ತಾತ ಪೆನ್ನು ಬೇಡವೆಂದು, ಹಳೇ ಚಪ್ಪಲಿಯ ಅಟ್ಟೆಯ ತುಂಡೊಂದನ್ನು ಮಡಿಸಿ, ಕತ್ತರಿಸಿ ತೋರಿಸಿದರು. ಹೊಸ ಬ್ಯಾಗಿನಲ್ಲಿ ತೂತು ನಡುವೆ ಇರುವುದಿಲ್ಲವಂತೆ, ಪಕ್ಕದಿಂದ ಹೊರಳಿ ಕೆಳಗೆ ಬಂದು ಅದೇ ಹಿಡಿಯಾಗುತ್ತದಂತೆ. ನನಗೆ ಪೂರಾ ಅರ್ಥವಾಗಲಿಲ್ಲ. ಡಬ್ಬಿ ಹಿಡಿಯುತ್ತದೆ ಎಂದು ಮಾತ್ರ ಖಾತ್ರಿ ಮಾಡಿಕೊಂಡೆ. ಹೊಲಿಗೆ ತಾತನದೇ, ಒಳಗಡೆ ಅವರ ಹೆಸರಿನ ಮುದ್ರೆ ಒತ್ತುತ್ತೇನೆ, ದೊಡ್ಡ ಕಂಪನಿಗಳು ಹಾಗೇ ಮಾಡುವುದು ಎಂದು ಹುಡುಗಿ ಉಮೇದಿನಿಂದ ಹೇಳಿದಳು.

ತಾತ ದಾರಕ್ಕೆ ಮೇಣ ಎಳೆಯುತ್ತಲೇ ಕೇಳಿಸಿಕೊಂಡರು.

‘ನನ್ನೆಸ್ರು ಯಾಕವ್ವ? ಎಸ್ರು ನೋಡಿ ಜಾತಿ ಕೇಳ್ತಾರೆ. ಅದು ಬ್ಯಾಡ. ಕೂಲಿ ಎಷ್ಟು ಅಂತ ಈಗ್ಲೇ ಮಾತಾಡು.’